ಕಲಿಯುವವಳ ಪಗಾರ

ಗಾಜಿಲ್ಲದ ಕಿಟಕಿಯಿಂದ ಗಾಳಿ, ಎರೆಹೊಲದ ಕಾವು ಇನ್ನೂ ಅದರಲ್ಲಿದೆ, ಹತ್ತಿ ಹೇರಿದ ಚಕ್ಕಡಿಯೊಂದು ಬಸ್ಸಿಗೆ ದಾರಿ ಬಿಟ್ಟು ಬದಿಗೆ ಸರಿಯುತ್ತಿದೆ, ಕಂಡಕ್ಟರ್ ಕುಂದಗೋಳ, ಕುಂದಗೋಳ ಎಂದು ಕೂಗುತ್ತಾನೆ, ಹುಬ್ಬಳ್ಳಿಯಿಂದ ಮರಳುತ್ತಿದ್ದೇನೆ, ನನ್ನದು ಅದರ ಮುಂದಿನ ಊರು, ಅಲ್ಲಿನ ದವಾಖಾನೆಗೆ ಎರಡು ತಿಂಗಳಿಂದ ನಾನೊಬ್ಬಳೇ ಡಾಕ್ಟರು — ಪೂರ್ತಿ ಡಾಕ್ಟರೂ ಅಲ್ಲ, ಪರೀಕ್ಷೆ ಮುಗಿಸಿ ಒಂದು ವರ್ಷ ದುಡಿಯುತ್ತ ಕಲಿಯಬೇಕಾದವಳು, ಕಲಿಸಬೇಕಾದವರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ಕುರ್ಚಿ ಉಳಿಯಿತು, ಅದರಲ್ಲಿ ನಾನು ಕೂತೆ. ಮೊದಲ ದಿನ ಎಂಬತ್ತು ಮಂದಿ ರೋಗಿಗಳು, ಪುಸ್ತಕ ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದೆ, ಈಗ ಇಡುವುದಿಲ್ಲ. ಜವಾನ ಮಡಿವಾಳೆಪ್ಪನ ಪಗಾರದ ಅರ್ಧ ನನಗೆ, ಅದನ್ನು ಕೇಳಿ ಅವನೇ ನಾಚಿಕೊಂಡಿದ್ದ, ಬಾಯಾರ, ನಿಮ್ಮ ಚಹಾ ನನ್ನ ಲೆಕ್ಕಕ್ಕ ಇರಲಿ ಬಿಡ್ರಿ, ಎಂದಿದ್ದ, ಅಪ್ಪ ತಿರ್ಲಾಪುರದಿಂದ ಇವತ್ತಿಗೂ ಜೋಳ ಕಳಿಸುತ್ತಾನೆ, ಮಂದಿಯ ಹೊಲದಲ್ಲಿ ದುಡಿದ ಜೋಳ, ಡಾಕ್ಟರಾದ ಮಗಳು ಅದನ್ನೇ ರೊಟ್ಟಿ ಬಡಿದು ತಿನ್ನುತ್ತಾಳೆ, ಈ ಸಲ ಬರೆಯಬೇಕು, ಅಪ್ಪಾ, ಇನ್ನು ಕಳಿಸಬೇಡ ಅಂತ, ಬರೆದರೆ ಎಷ್ಟು ನಗುತ್ತಾನೋ, ಓದಿಸಿಕೊಂಡು ಮತ್ತೆ ಮತ್ತೆ ಓದಿಸಿಕೊಂಡು.

ಇವತ್ತು ಮುಂಜಾನೆ ಹುಬ್ಬಳ್ಳಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಅಲ್ಲಿ ನನ್ನಂಥ ಕಲಿಯುವ ಡಾಕ್ಟರರ ಮುಷ್ಕರದ ಮೂರನೇ ದಿನ, ಬೆಂಗಳೂರಿನಿಂದ ಇಲಾಖೆಯ ಸಾಹೇಬರು ಮಾತು ಕೇಳಲು ಬರುವವರಿದ್ದರು, ನೀನ ಮಾತಾಡಬೇಕು ಮಾದೇವಿ, ಹಳ್ಳ್ಯಾಗ ಒಬ್ಬಾಕಿನ ದವಾಖಾನಿ ನಡಸಾಕತ್ತೀಯಲ್ಲ, ನೀ ಬರದಿದ್ರ ನಮ್ಮ ಮಾತು ಯಾರು ನಂಬತಾರ, ಎಂದು ನಮ್ಮ ಮುಂದಾಳು ಈರಪ್ಪ ಚೀಟಿ ಕಳಿಸಿದ್ದ. ಅಷ್ಟರಲ್ಲಿ ನರ್ಸ್ ಅನ್ನವ್ವ ಓಡಿ ಬಂದಳು, ಬಾಯಾರ, ಇಳೀರಿ, ಕುಬಿಹಾಳದಿಂದ ಬಸರಿ ಹೆಣ್ಣಮಗಳು ಬಂದಾಳ್ರಿ, ಕೂಸಿನ ಕಾಲು ಮುಂದ ಬಂದೈತ್ರಿ. ಇಳಿದೆ. ಬಸ್ಸು ಹೋಯಿತು. ಹುಬ್ಬಳ್ಳಿಗೆ ಕಳಿಸೋಣವೆಂದರೆ ಜೀಪಿಲ್ಲ, ಚಕ್ಕಡಿಯಲ್ಲಿ ಕಳಿಸಿದರೆ ದಾರಿಯಲ್ಲೇ ಮುಗಿಯುತ್ತದೆ, ಇಂಥ ಹೆರಿಗೆ ನಾನು ಕಂಡದ್ದು ಒಂದೇ ಸಲ, ಅದೂ ಐದು ಜನರ ಬೆನ್ನ ಹಿಂದಿನಿಂದ ಇಣುಕಿ. ಮೇಜಿನ ಮೇಲೆ ಶರೀಫಾಬಿ, ಇನ್ನೂ ಇಪ್ಪತ್ತು ತುಂಬದವಳು, ಅವಳ ತಾಯಿ ರಹೀಮಾಬಿ ತಲೆಯ ಹತ್ತಿರ ನಿಂತು ಮಗಳ ಕೂದಲು ಸವರುತ್ತ, ಬಾಯಾರ, ನಿಮಗ ಬರತೈತೇನ್ರಿ ಇದು, ಎಂದಳು, ಬರತೈತಿ, ಎಂದೆ, ಸುಳ್ಳೋ ನಿಜವೋ ನನಗೂ ಗೊತ್ತಿರಲಿಲ್ಲ. ಎಳೆಯಬಾರದು, ಎಳೆಯಬಾರದು, ಕಾಯಬೇಕು, ಪುಸ್ತಕದ ಆ ಪುಟದ ಎಡಗಡೆಯ ಚಿತ್ರ ಕಣ್ಣ ಮುಂದೆ — ಕಾಲು, ಸೊಂಟ, ಬೆನ್ನು, ಒಂದು ತೋಳು, ಇನ್ನೊಂದು ತೋಳು, ತಲೆ ಮಾತ್ರ ಒಳಗೇ ನಿಂತಿತು, ಅನ್ನವ್ವ ಹೊಟ್ಟೆಯ ಮೇಲೆ ಒತ್ತಿದಳು, ಕೂಸಿನ ತೊಡೆಗಳು ನನ್ನ ಕೈಯಲ್ಲಿ, ಎಷ್ಟು ಬಿಗಿ ಹಿಡಿದೆನೋ ಗೊತ್ತಿಲ್ಲ, ಆಮೇಲೆ ಕೈತುಂಬ ಭಾರ, ನೀಲಿ ಮೈ, ಮೌನ, ಬೆನ್ನು ತಿಕ್ಕಿದೆ, ತಿಕ್ಕಿದೆ, ಬೆಕ್ಕಿನ ಮರಿಯಂತೆ ಒಂದು ದನಿ.

ರಹೀಮಾಬಿ ನನ್ನ ಕೈಗೆ ನೀರು ಹಾಕುತ್ತ ಕೇಳಿದಳು, ಹುಬ್ಬಳ್ಳಿಗೆ ಯಾಕ ಹೊಂಟಿದ್ರಿ ಬಾಯಾರ? ಪಗಾರ ಹೆಚ್ಚು ಮಾಡ್ರಿ ಅಂತ ಕೇಳಾಕ, ಎಂದೆ, ಆ ಹೊತ್ತಿನಲ್ಲಿ ಹಾಗೆನ್ನಲು ನಾಚಿಕೆಯಾಯಿತು, ನಾವಿನ್ನೂ ಕಲಿಯೋರಲ್ಲ, ಅದಕ್ಕ ಕಡಿಮಿ ಕೊಡತಾರ. ಅವಳು ತಂಬಿಗೆ ಕೆಳಗಿಟ್ಟಳು, ಅದಕ್ಯಾಕ ನಾಚತೀರಿ, ಹತ್ತಿ ಬಿಡಿಸಾಕ ಹೊಸದಾಗಿ ಬಂದಾಕಿಗೂ ಕೂಲಿ ಕೊಡತಾರಲ್ರಿ, ಆಕಿ ಬಿಡಿಸಿದ್ದೂ ಹತ್ತಿನ ಅಲ್ಲೇನ್ರಿ, ಹೋಗ್ರಿ, ಮಗಳನ್ನ ನಾ ನೋಡ್ಕೋತೀನಿ.

ತಾಯಿಗೂ ಕೂಸಿಗೂ ಭಯವಿಲ್ಲವೆಂದು ಖಾತ್ರಿಯಾದ ಮೇಲೆ ಮಧ್ಯಾಹ್ನದ ಬಸ್ಸು ಹಿಡಿದೆ, ಹುಬ್ಬಳ್ಳಿಯ ಪ್ರವಾಸಿ ಮಂದಿರ ಮುಟ್ಟಿದಾಗ ಸಾಹೇಬರು ಏಳುವುದರಲ್ಲಿದ್ದರು, ಈರಪ್ಪನ ಮುಖ ಬಾಡಿತ್ತು, ಕಲಿಯೋಕೆ ಬಂದಿರೋರಿಗೆ ಇಷ್ಟು ಕೊಡೋದೇ ಹೆಚ್ಚಲ್ವೇನಮ್ಮ, ಎಂದರು ಸಾಹೇಬರು, ಗದರಲಿಲ್ಲ, ಮೆತ್ತಗೇ ಕೇಳಿದರು. ಬರೆದುಕೊಂಡಿದ್ದ ಭಾಷಣ ಚೀಲದಲ್ಲೇ ಇತ್ತು. ಸರ್, ಮುಂಜಾನೆ ಕಾಲು ಮುಂದಾಗಿ ಬಂದ ಕೂಸನ್ನ ಹೆರಿಗಿ ಮಾಡಿಸಿ ಬಂದೀನ್ರಿ, ಇಬ್ಬರೂ ಆರಾಮ ಅದಾರ, ಅಲ್ಲಿ ನನಗ ಕಲಿಸಾಕ ಯಾರಿದ್ರು ಹೇಳ್ರಿ? ಅವರು ಮತ್ತೆ ಕೂತರು. ಅಲ್ಲಿ ಡಾಕ್ಟರ್ ಇಲ್ವಾ? ನಾನ ಅದೀನ್ರಿ. ಎಷ್ಟು ದಿನದಿಂದ? ಎರಡು ತಿಂಗಳು. ಕನ್ನಡಕ ತೆಗೆದು ಒರೆಸಿದರು, ಪೆನ್ನು ತೆಗೆದರು. ಎರಡು ಪಟ್ಟು ಕೇಳಿದ್ದೆವು, ಒಂದೂವರೆ ಪಟ್ಟು ಬರೆದು ಸಹಿ ಮಾಡಿದರು, ಖಾಲಿ ಜಾಗ ತುಂಬುವ ಮಾತಿಗೆ ಮಾತ್ರ ನೋಡ್ತೀನಿ ಎಂದರು, ಅದಕ್ಕಾಗಿ ಇನ್ನೊಮ್ಮೆ ಹೋಗಬೇಕು, ಹೋಗುತ್ತೇನೆ. ಈರಪ್ಪ ತಿನ್ನಲು ಗಿರಮಿಟ್ಟು ಕೊಡಿಸಿ, ಎಷ್ಟು ತಡಾ ಮಾಡಿದೆಲೇ, ಎಂದು ಬೈದು, ನಕ್ಕು, ಕಣ್ಣೊರೆಸಿಕೊಂಡ.

ಬಸ್ಸು ನಿಂತಿತು, ಇಳಿದೆ, ಸಂಜೆಯ ಬೆಳಕು ಇನ್ನೂ ಇದೆ, ದವಾಖಾನೆಯ ಬಾಗಿಲು ತೆರೆದಿದೆ, ಶರೀಫಾಬಿ ಮಲಗಿದ್ದಾಳೆ, ನಾಡಿ ಸರಿಯಾಗಿದೆ, ರಹೀಮಾಬಿ ಹುಬ್ಬಿನಲ್ಲೇ ಕೇಳುತ್ತಾಳೆ, ಕೊಟ್ರೇನ್ರಿ? ಕೊಟ್ರು, ಎನ್ನುತ್ತೇನೆ. ಕೂಸನ್ನು ನೋಡಬೇಕು, ಅರಿವೆ ಸರಿಸುತ್ತೇನೆ, ಮೈ ಕೆಂಪಾಗಿದೆ, ಬೆಚ್ಚಗಿದೆ, ಎಡ ತೊಡೆಯ ಮೇಲೆ ನಾಲ್ಕು ಕಪ್ಪು ಕಲೆಗಳು, ಒಂದರ ಪಕ್ಕ ಒಂದು, ವಾರದಲ್ಲಿ ಮಾಯುತ್ತವೆ, ಆದರೆ ಹೇಗಾದವು ಎಂದು ಕೈ ತಾನಾಗಿ ಅವುಗಳ ಮೇಲೆ ಕೂರುತ್ತದೆ, ಸರಿಯಾಗಿ ಕೂರುತ್ತದೆ — ನನ್ನ ನಾಲ್ಕು ಬೆರಳು.