ಕ್ಯಾಪ್ಟನ್ನನ ಪಾಲು

ಸಮುದ್ರವೇ ಇಲ್ಲದ ದೇಶದಲ್ಲಿ ಹುಟ್ಟಿದ ಚೆಕ್ ಜನರಿಗೆ ಹಾಯಿದೋಣಿಯ ಹುಚ್ಚು ಯಾಕೆ ಹಿಡಿಯಿತೋ ದೇವರೇ ಬಲ್ಲ. ಬೇಸಿಗೆ ಬಂತೆಂದರೆ ಸಾಕು, ಅರ್ಧ ಒಲೊಮೌತ್ಸ್ ಊರು ಕರಿದ ಮಾಂಸದ ತುಂಡುಗಳನ್ನು ಡಬ್ಬಿಗೆ ತುಂಬಿಕೊಂಡು, ಬಿಯರ್ ಪೆಟ್ಟಿಗೆಗಳನ್ನು ಕಾರಿಗೆ ಹೇರಿಕೊಂಡು ಕ್ರೊಯೇಷಿಯಾದ ದಕ್ಕೆಗಳಲ್ಲಿ ಹೋಗಿ ಇಳಿಯುತ್ತದೆ. ದೋಣಿಯ ಬಾಡಿಗೆಯನ್ನು ತಲೆಗಿಷ್ಟು ಎಂದು ಹಂಚಿಕೊಳ್ಳುತ್ತಾರೆ. ಊಟ, ಡೀಸೆಲ್, ದಕ್ಕೆಯ ಶುಲ್ಕಕ್ಕೆ ಬೇರೆ ಹುಂಡಿ; ಅದಕ್ಕೂ ತಲೆಗಿಷ್ಟು. ಕಾಸು ಬಿಚ್ಚದವನು ಒಬ್ಬನೇ, ಕ್ಯಾಪ್ಟನ್. ದೋಣಿ ನಡೆಸುವ ಲೈಸೆನ್ಸ್ ಅವನದು, ಹೊಣೆ ಅವನದು. ಆದ್ದರಿಂದ ಅವನು ತಿಂದದ್ದು ಕುಡಿದದ್ದೆಲ್ಲ ಉಳಿದವರ ಲೆಕ್ಕಕ್ಕೆ.

ಬೊಹುಮಿರ್ ಹನ್ನೆರಡು ವರ್ಷದಿಂದ ತನ್ನ ಗೆಳೆಯರ ದೋಣಿಗೆ ಕ್ಯಾಪ್ಟನ್ ಆಗಿದ್ದ. ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದವನು. ಕಲಿಯುವವರ ಮೇಲೆ ರೇಗಿ ರೇಗಿ ಪಳಗಿದ ದನಿಯನ್ನೇ ದೋಣಿಗೂ ತಂದಿದ್ದ. ಅವನ ಕಾನೂನುಗಳು ಎರಡು. ದಕ್ಕೆಗೆ ದೋಣಿ ಹಚ್ಚುವಾಗ ಕ್ಯಾಪ್ಟನ್ ಬಿಟ್ಟು ಯಾರೂ ತುಟಿ ಬಿಚ್ಚಕೂಡದು. ದೋಣಿಗೆ ಪೆಟ್ಟಾಗಿ ಬಾಡಿಗೆ ಕಂಪನಿ ಠೇವಣಿ ಮುರಿದುಕೊಂಡರೆ ಆ ನಷ್ಟವೂ ಉಳಿದವರದೇ, ಕ್ಯಾಪ್ಟನ್ನನದಲ್ಲ. ಎರಡನೆಯ ಕಾನೂನು ಜಾರಿಗೆ ಬಂದದ್ದು ಮುರ್ತೆರ್ ದ್ವೀಪದಲ್ಲಿ ಅವನೇ ದೋಣಿಯ ಮೂತಿ ಜಜ್ಜಿದ ಸಂಜೆ.

ಸ್ಕೂಲು ಮುಚ್ಚಿ ಆರು ವರ್ಷವಾಗಿತ್ತು. ಈಗ ಬೆಳಗಿನ ಹೊತ್ತು ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದ. ಗೆಳೆಯರು ಕೇಳಿದರೆ "ಈ ವರ್ಷ ಕಲಿಯೋರು ಸ್ವಲ್ಪ ಕಮ್ಮಿ" ಎನ್ನುತ್ತಿದ್ದ. ಅವರು ನಂಬಿದ್ದಾರೆಂದು ಅವನೂ ನಂಬಿದ್ದ.

ಅವನ ಹೆಂಡತಿ ಯಾರ್ಮಿಲಾಗೆ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಅವಳು ಮನೆಯಲ್ಲೇ ಉಳಿದು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ಚಳಿಗಾಲದಲ್ಲಿ ಒಂದು ದಿನ ಈರುಳ್ಳಿ ಹೆಚ್ಚುತ್ತ ಅಂದಳು:

"ಅವರು ಕರ್ಯೋದು ನಿನ್ನನ್ನಲ್ಲ ಕಣೋ, ನಿನ್ನ ಲೈಸೆನ್ಸನ್ನ. ಅದೊಂದು ಇಲ್ದೆ ಹೋದ್ರೆ ನಿನ್ನ ಬೈಗುಳ ಯಾರು ಕೇಳ್ತಾರೆ?"

ತಮಾಷೆಗೇ ಹೇಳಿದ್ದಳು. ಆದರೆ ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತು. ಲೈಸೆನ್ಸ್ ಇಲ್ಲದ ಬೊಹುಮಿರ್ ಅವರಿಗೆ ಬೇಕೋ ಬೇಡವೋ? ಇದನ್ನು ತಿಳಿಯದೆ ಇನ್ನು ದೋಣಿ ಹತ್ತುವುದಿಲ್ಲ ಎಂದು ತೀರ್ಮಾನಿಸಿದ. ತನ್ನ ಪಾಲಿನ ದುಡ್ಡಿಗೆಂದು ಮೋಟಾರ್ ಸೈಕಲ್ ಮಾರಿದ. ಬಿಯರ್ ಅಂಗಡಿಯಲ್ಲಿ ಎಲ್ಲರೂ ಸೇರಿದ್ದಾಗ ಎದೆಯುಬ್ಬಿಸಿ ಘೋಷಿಸಿದ:

"ಈ ಸಲ ನಾನು ಕ್ಯಾಪ್ಟನ್ ಅಲ್ಲ. ಎಲ್ಲರ ಹಾಗೆ ದುಡ್ಡು ಕಟ್ಟಿ ಬರ್ತೀನಿ."

ಮೇಜು ತಣ್ಣಗಾಯಿತು. ಹುಂಡಿ ನೋಡಿಕೊಳ್ಳುವ ಹಲ್ಲಿನ ಡಾಕ್ಟರು ಬ್ಲಾಂಕಾ ಪಿಟೀಲು ಮೇಷ್ಟ್ರು ಹಿನೆಕ್‌ನ ಮುಖ ನೋಡಿದಳು. ಹಿನೆಕ್ ತನ್ನ ಹೆಂಡತಿ ಮಿಲದಾಳ ಮುಖ ನೋಡಿದ. ಆಗ ಹೆಂಚಿನ ವ್ಯಾಪಾರಿ ರಾದಿಮ್ ಗಡಿಬಿಡಿಯಲ್ಲಿ ಬಾಯಿ ಹಾಕಿದ.

"ಚುಕ್ಕಾಣಿ ನಾನು ಹಿಡೀತೀನಿ ಬಿಡ್ರೋ. ನನ್ನತ್ರಾನೂ ಲೈಸೆನ್ಸ್ ಇದೆ."

ಹಾವು, ಎಂದುಕೊಂಡ ಬೊಹುಮಿರ್. ಈ ಚಳಿಗಾಲದಲ್ಲೇ ಗುಟ್ಟಾಗಿ ಪರೀಕ್ಷೆ ಬರೆದಿದ್ದಾನೆ, ನನ್ನ ಜಾಗಕ್ಕೆ ಹೊಂಚುಹಾಕಿ ಕೂತಿದ್ದಾನೆ.

ದೋಣಿಯಲ್ಲಿ ಬೊಹುಮಿರ್ ಆದರ್ಶ ಆಳಾಗಿ ನಡೆದುಕೊಂಡ. ಪಾತ್ರೆ ತೊಳೆದ, ಆಲೂಗಡ್ಡೆ ಸುಲಿದ, ರಾದಿಮ್ ಏನು ಹೇಳಿದರೂ "ಅಪ್ಪಣೆ, ಕ್ಯಾಪ್ಟನ್!" ಎಂದ. ಅವನ ವಿನಯ ನೋಡಿ ಎಲ್ಲರಿಗೂ ಊಟ ರುಚಿಸದಾಯಿತು.

ವಾರದ ನಡುವೆ ಒಂದು ಮಧ್ಯಾಹ್ನ ತೆಂಕಣ ಗಾಳಿ ಎದ್ದಿತು. ಒಂದು ಸಣ್ಣ ಬಂದರಿನಲ್ಲಿ ರಾದಿಮ್ ದೋಣಿಯನ್ನು ಹಿಮ್ಮುಖವಾಗಿ ದಕ್ಕೆಗೆ ತರುತ್ತಿದ್ದ. ದಕ್ಕೆಯವನು ಕೊಟ್ಟ ಹಗ್ಗವನ್ನು ಹಿನೆಕ್ ಹಿಡಿದನಾದರೂ ಸಡಿಲು ಬಿಟ್ಟ. ಹಗ್ಗ ನೀರಿಗಿಳಿದು, ಮೆಲ್ಲಗೆ, ತಿರುಗುತ್ತಿದ್ದ ಪ್ರೊಪೆಲರ್ ಕಡೆಗೆ ಹೊರಟಿತು. ಅದನ್ನು ಕಂಡದ್ದು ಒಬ್ಬನೇ, ತೊಳೆದ ಬಾಣಲೆ ಹಿಡಿದು ಕೂತಿದ್ದ ಬೊಹುಮಿರ್. "ಗೇರ್ ಬಿಡು!" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕಾನೂನು ಕಾನೂನೇ. ಆದರೆ ನಿಜ ಹೇಳಬೇಕೆಂದರೆ ಕಾನೂನು ನೆನಪಾದದ್ದು ಆಮೇಲೆ. ಮೊದಲು ಆದದ್ದು ಖುಷಿ.

ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಂತಿತು. ಗಾಳಿ ದೋಣಿಯನ್ನು ಎತ್ತಿ ಕಲ್ಲಿಗೆ ಬಡಿಯಿತು. ಬಾಡಿಗೆ ಕಂಪನಿಯವನು ಬಂದು ಬಿರುಕಿನ ಮೇಲೆ ಬೆರಳಾಡಿಸಿ, ನೀರಿಗಿಳಿದು ಹಗ್ಗ ಬಿಡಿಸಿದ ಮುಳುಗುಗಾರನ ಕೂಲಿಯನ್ನೂ ಸೇರಿಸಿ, ಠೇವಣಿಯ ಬಹುಪಾಲನ್ನು ನುಂಗಿದ.

ಸಂಜೆ ದಕ್ಕೆಯ ಹೋಟೆಲಿನಲ್ಲಿ ಸುಟ್ಟ ಮೀನು ಬಂದರೂ ಯಾರೂ ಕೈ ಹಾಕಲಿಲ್ಲ. ಬ್ಲಾಂಕಾ ನಷ್ಟವನ್ನು ನಾಲ್ಕಾಗಿ ಹಂಚಿದಳು, ಕ್ಯಾಪ್ಟನ್ನನನ್ನು ಬಿಟ್ಟು. ಒಂದು ಪಾಲು ಎಂದರೆ ಬೊಹುಮಿರ್‌ನ ಜೇಬಿನಲ್ಲಿದ್ದಷ್ಟೂ ಹೋಗುತ್ತದೆ. ಅವನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ತಲೆ ಎತ್ತದೆ ಅಂದಳು:

"ನೀನು ಬಿಡು ಬೊಹುಮಿರ್. ನಾವು ಮೂರು ಜನ ನೋಡ್ಕೋತೀವಿ."

ಅವನ ಪಿತ್ತ ನೆತ್ತಿಗೇರಿತು. "ಯಾಕೆ? ನಾನೇನು ಭಿಕ್ಷೆಗೆ ಬಂದಿದೀನಾ? ಪುಕ್ಕಟೆ ಕ್ಯಾಪ್ಟನ್ ಬೇಕಿತ್ತು, ಇಷ್ಟು ವರ್ಷ ಕರೆದ್ರಿ. ಈ ಚಳಿಗಾಲ ಈ ರಾದಿಮ್ ಲೈಸೆನ್ಸ್ ತಗೊಂಡ, ನನ್ನ ಕೆಲಸ ಮುಗೀತು. ಹೌದೋ ಅಲ್ವೋ?"

"ಈ ಚಳಿಗಾಲಾನಾ?" ಎರಡು ಲೋಟ ವೈನ್ ಇಳಿಸಿದ್ದ ಹಿನೆಕ್ ಕಣ್ಣರಳಿಸಿದ. "ಅವನು ಲೈಸೆನ್ಸ್ ತಗೊಂಡು ಆರು ವರ್ಷ ಆಯ್ತಲ್ಲೋ! ನಿನ್ನ ಸ್ಕೂಲಿನ ಬೋರ್ಡು ಇಳಿಸಿದ್ರಲ್ಲ, ಆ ವರ್ಷ."

ಮಿಲದಾ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ತಡವಾಗಿತ್ತು.

"ಬೋರ್ಡು ನಿಮಗೆ..." ಬೊಹುಮಿರ್ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಒಲೊಮೌತ್ಸ್ ಎಷ್ಟು ದೊಡ್ಡ ಊರು ಮಾರಾಯ?" ಅಂದ ರಾದಿಮ್. "ನೀನು ತರೋ ಬ್ರೆಡ್ಡನ್ನೇ ನಮ್ಮಮ್ಮ ತಗೊಳ್ಳೋದು. ನಾನು ಆ ವರ್ಷಾನೇ ಕ್ಯಾಪ್ಟನ್ ಆಗ್ಬೇಕಿತ್ತು. ಬ್ಲಾಂಕಾನೇ ಬೇಡ ಅಂದ್ಲು. ಕ್ಯಾಪ್ಟನ್ ಆದ್ರೆ ಬರ್ತಾನೆ, ಇಲ್ಲಾಂದ್ರೆ ದುಡ್ಡಿಲ್ಲ ಅಂತ ಹೇಳೋಕಾಗದೆ ಮನೇಲಿ ಕೂರ್ತಾನೆ ಅಂದ್ಲು."

"ಅದಕ್ಕೇ ನಿನ್ನ ಬೈಗುಳ ಸಹಿಸಿದ್ವಿ," ಅಂದಳು ಬ್ಲಾಂಕಾ. "ಬಿಟ್ಟಿ ಸಹಿಸಿಲ್ಲ ಕಣೋ. ನಿನ್ನ ಪಾಲೂ ನಾವೇ ಕಟ್ಟಿ ಸಹಿಸಿದೀವಿ."

ಬೊಹುಮಿರ್‌ಗೆ ಉತ್ತರ ಸಿಕ್ಕಿತ್ತು, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಅವರಿಗೆ ಬೇಕಾಗಿದ್ದದ್ದು ಅವನೇ. ಬೇಡವಾಗಿದ್ದದ್ದು ಕ್ಯಾಪ್ಟನ್. ಅವನಿಗೆ ಸಂತೋಷವಾಯಿತು, ಹಿಂದೆಯೇ ನೆಲ ಬಾಯಿಬಿಡಬಾರದೇ ಎನ್ನಿಸುವಷ್ಟು ನಾಚಿಕೆಯೂ ಆಯಿತು.

"ಹಗ್ಗ ನನಗೆ ಕಾಣಿಸ್ತು," ಎಂದ. "ಪ್ರೊಪೆಲರ್ ಕಡೆ ಹೋಗ್ತಿತ್ತು. ಬೇಕಂತಲೇ ಸುಮ್ನಿದ್ದೆ."

ರಾದಿಮ್ ಬಾಯಿಂದ ಬಂದ ಬೈಗುಳಕ್ಕೆ ಪಕ್ಕದ ಮೇಜಿನ ಜರ್ಮನ್ನರೂ ತಿರುಗಿ ನೋಡಿದರು. "ಹಾಗಾದ್ರೆ ಪೂರ್ತಿ ನಷ್ಟ ಈ ಕತ್ತೆ ತಲೆಗೇ ಕಟ್ಟು ಬ್ಲಾಂಕಾ!"

ಬೊಹುಮಿರ್ ಜೇಬು ಬರಿದು ಮಾಡಿ ನೋಟುಗಳನ್ನೆಲ್ಲ ಮೇಜಿನ ಮೇಲಿಟ್ಟ. ಈಗ ಅವಳು ಅದನ್ನು ಹಿಂದಕ್ಕೆ ತಳ್ಳುತ್ತಾಳೆ, ಪಾಪದವನು ಎನ್ನುವ ಮುಖ ಮಾಡುತ್ತಾಳೆ, ಹಾಗಾದರೆ ತಾನು ನಾಳೆಯೇ ಬಸ್ಸು ಹತ್ತಿ ಊರಿಗೆ ಹೋಗುವುದೇ ಸೈ ಎಂದುಕೊಂಡು ಕಾದ.

ಬ್ಲಾಂಕಾ ನೋಟುಗಳನ್ನು ಎಳೆದುಕೊಂಡಳು. ಬೆರಳು ನೆಕ್ಕಿ ಒಂದೊಂದಾಗಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ನೀನು ಕಟ್ಬೇಕಾದ್ದು ನಾಲ್ಕರಲ್ಲಿ ಒಂದು ಪಾಲು. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ," ಅಂದಳು. "ಇದರಲ್ಲಿ ಹತ್ತು ಯೂರೊ ಕಮ್ಮಿ ಇದೆ. ಎಲ್ಲಿ?"

ಬೊಹುಮಿರ್ ಶರ್ಟಿನ ಜೇಬು ತಡಕಿದ, ಪ್ಯಾಂಟಿನ ಜೇಬು ಹೊರಗೆಳೆದ. ಅವನು ತಡಕಾಡುವುದನ್ನು ನಾಲ್ವರೂ ಮೀನು ಬಿಡಿಸುತ್ತ ನೋಡಿದರು. ಹೋಗಲಿ ಬಿಡು ಎಂದು ಒಬ್ಬರೂ ಹೇಳಲಿಲ್ಲ. ನಾಳೆಯ ಬಸ್ಸು ಅವನಿಗೆ ಮರೆತೇ ಹೋಯಿತು; ಕಣ್ಣು ತುಂಬಿ ಬಂತು.