ಸೊನ್ನದವರ ಶ್ರುತಿ

೧೯೮೬ರ ಸೆಪ್ಟೆಂಬರ್ ೧೪, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ — ಆಳಂದದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕಮಾನಿಗೆ ಉಜ್ಜಿದ ರಾಳದ ವಾಸನೆ, ಸ್ಪರ್ಧೆ ನಡೆದ ಆ ಪರದೇಶದ ಸಭಾಭವನದಲ್ಲೂ ಇದೇ ವಾಸನೆ ಇತ್ತು, ಇಲ್ಲಿ ಪಾಠ ಹೇಳುವ ಶಿವಕಾಂತಾಳಿಗೆ ಮತ್ತೆ ಸಿಟ್ಟು, ಎದುರಿಗೆ ಲಾಡ್ಲೆಸಾಬ, ಸೊನ್ನದಿಂದ ಮೊದಲ ಬಸ್ಸಿಗೆ ಹೊರಟು ಅಫಜಲಪುರದಲ್ಲಿ ಬಸ್ಸು ಬದಲಿಸಿ ಬಂದವರು, ಸ್ಟೂಲಿನ ಮೇಲೆ ಕೂತು ಸಾರಂಗಿಯ ಬಿರಡೆ ತಿರುವುತ್ತಿದ್ದಾರೆ, ಮೇಜಿನ ಮೇಲೆ ದಿಲ್ಲಿಯಿಂದ ಬಂದ ಕಾಗದ, ಕೆಳಗೆ ಅವಳ ಹೆಸರು, ಎಂ.ಎಸ್ಸಿ. ಸಮೇತ, ಸಹಿಯ ಜಾಗ ಮಾತ್ರ ಖಾಲಿ, ಒಕ್ಕಣೆ ಇಷ್ಟೇ — ಚಳಿಗೆ ತಂತಿ ಕೆಟ್ಟು ಸಾರಂಗಿ ಶ್ರುತಿ ತಪ್ಪಿತ್ತು, ವಾದಕರಿಗೆ ಅದು ತಿಳಿಯಲೇ ಇಲ್ಲ, ಪಕ್ಕದಲ್ಲಿ ತಂಬೂರಿ ಹಿಡಿದಿದ್ದ ನಾನು ಸಾಕ್ಷಿ. ಚಳಿಯಂತೆ! ಆ ಸಭಾಭವನದ ಗೋಡೆಯ ಥರ್ಮಾಮೀಟರು ಇಪ್ಪತ್ತೆರಡು ತೋರಿಸುತ್ತಿತ್ತು, ಎಲ್ಲಿ ಹೋದರೂ ಥರ್ಮಾಮೀಟರು ನೋಡುವ ಚಟ ಅವಳದು, ಅಂಥವಳ ಕೈಯಿಂದಲೇ ಈ ಸುಳ್ಳಿಗೆ ಸಹಿ ಬೇಕು ದೌಲತರಾಯರಿಗೆ — ಜೇವರ್ಗಿ ಕಡೆಯವರೇ, ದಿಲ್ಲಿಯಲ್ಲಿ ದೊಡ್ಡ ಹುದ್ದೆ, ಏಳು ತೀರ್ಪುಗಾರರಲ್ಲಿ ನಮ್ಮ ದೇಶದವರು ಅವರೊಬ್ಬರೇ, ಉಳಿದ ಆರು ಜನ ಹತ್ತಕ್ಕೆ ಎಂಟು ಒಂಬತ್ತು ಕೊಟ್ಟರು, ಶ್ರುತಿಯ ಅಂಕಣದಲ್ಲಿ ಸೊನ್ನೆ ಬರೆದವರು ಇವರು, ಒಂದು ಸೊನ್ನೆ ಬಿದ್ದರೂ ಸ್ಪರ್ಧಿ ಹೊರಗೆ ಎಂಬ ನಿಯಮ ಗೊತ್ತಿದ್ದೇ ಬರೆದರು, ಹಿಂದಿನ ದಿನ ಊಟದ ಮೇಜಿನಲ್ಲಿ ಅಲ್ಲಿಯ ಮಂತ್ರಿ ಅವರ ಹೆಗಲ ಮೇಲೆ ಕೈ ಹಾಕಿದ್ದ, ಮುಂದಿನ ಸ್ಪರ್ಧೆ ದಿಲ್ಲಿಗೆ, ಅಧ್ಯಕ್ಷಗಿರಿ ನಿಮಗೆ, ಈ ಸಲದ ಬಹುಮಾನ ಮಾತ್ರ ನಮ್ಮವನಿಗೆ ಎಂದಿದ್ದ, ಎರಡು ಕುರ್ಚಿ ಆಚೆ ಕೂತ ಶಿವಕಾಂತಾಳಿಗೆ ಇಂಗ್ಲಿಷು ಬಾರದೆಂದು ತಿಳಿದರೋ ಏನೋ. ಮತ್ತೆ ಆ ಕಿವಿ — ವೇದಿಕೆಯ ಮೇಲೆ ಲಾಡ್ಲೆಸಾಬ ತಮ್ಮ ಉಸ್ತಾದರ ಹೆಸರು ಹೇಳಿ ಬಲಗೈಯಿಂದ ಕಿವಿ ಮುಟ್ಟಿಕೊಂಡರು, ಗುರುವಿನ ಹೆಸರೆತ್ತಿದಾಗ ಎಲ್ಲರೂ ಮಾಡುವ ಮರ್ಯಾದೆ, ದೌಲತರಾಯರು ಪಕ್ಕದವರತ್ತ ಬಾಗಿ ಏನೋ ಪಿಸುಗುಟ್ಟಿದರು, ಆಮೇಲೆ ಅಂಕಪಟ್ಟಿಯಲ್ಲಿ ಓದಿದಳು, ವಾದಕರೇ ಕಿವಿ ಹಿಡಿದು ತಪ್ಪೊಪ್ಪಿಕೊಂಡಿದ್ದಾರೆ. ಗೊತ್ತಿಲ್ಲದವರು ಬರೆದಿದ್ದರೆ ಕ್ಷಮಿಸಬಹುದಿತ್ತು, ಇವರು ತಾವೇ ಕಿವಿ ಮುಟ್ಟಿಕೊಂಡು ಬೆಳೆದವರು!

ಸೊನ್ನದವಗ ಸೊನ್ನೀನೇ ಬರದಾರ ಬಾಯಿ, ಊರ ಹೆಸರು ಓದ್ಯಾರ, ಅದ್ರಾಗ ಏನ್ ತಪ್ಪದರಿ, ಲಾಡ್ಲೆಸಾಬ ನಗುತ್ತಾರೆ. ನಗಬ್ಯಾಡ್ರಿ ಕಾಕಾ, ಈ ಕಾಗದ ಸಹಿ ಆಗಿ ಹೋತಂದ್ರ ನಿಮ್ಮನ್ನ ಮುಂದ ಯಾರೂ ಕರೆಯಂಗಿಲ್ಲ, ಅವಳೆನ್ನುತ್ತಾಳೆ. ನೀವು ಸಹಿ ಮಾಡ್ರಿ, ನಿಮ್ಮ ನೌಕರಿ ಉಳೀಲಿ, ನಾ ಸೊನ್ನದಾಗ ಹೊಳಿ ದಂಡ್ಯಾಗ ಬಾರಸ್ತೇನಿ, ಭೀಮಾ ಏನ್ ಮಾರ್ಕ್ಸ್ ಹಾಕ್ತಾಳೇನ್ರಿ. ಅವರ ಈ ನಗುವಿಗೇ ಅವಳಿಗೆ ಇನ್ನಷ್ಟು ಸಿಟ್ಟು, ಅಳು ಬರುವಷ್ಟು ಸಿಟ್ಟು, ಚೀಲದಿಂದ ಶ್ರುತಿಕವೆ, ಪ್ರಯೋಗಾಲಯದ ಟ್ಯೂನಿಂಗ್ ಫೋರ್ಕು, ತೆಗೆಯುತ್ತಾಳೆ, ಸೆಕೆಂಡಿಗೆ ೨೫೬ ಕಂಪನದ್ದು, ಅಲ್ಲಿ ವೇದಿಕೆ ಹತ್ತುವ ಮೊದಲು ತಂಬೂರಿ ಕೂಡಿಸಿದ್ದೂ ಇದಕ್ಕೇ, ಸಾರಂಗಿ ತಾಳೆ ನೋಡಿದ್ದೂ ಇದಕ್ಕೇ, ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ — ಒಮ್ಮೆ ಬಡಿದು ಕೇಳಿಸುತ್ತಾಳೆ, ಮುಷ್ಟಿಯಲ್ಲಿ ಅಡಗಿಸುತ್ತಾಳೆ, ಈಗ ನೆನಪಿಂದ ಕೂಡಿಸ್ರಿ ಕಾಕಾ ಎನ್ನುತ್ತಾಳೆ, ನಮ್ಮ ಉಸ್ತಾದರೂ ಹಿಂಗೇ ಕೂಡಸೋರು ಎನ್ನುತ್ತಾರೆ ಅವರು, ಬಲಗೈ ಕಿವಿಗೆ ಹೋಗುತ್ತದೆ, ಬಿರಡೆಗೆ ಬರುತ್ತದೆ, ಕಮಾನು ಎಳೆಯುತ್ತದೆ, ಅವಳು ಮತ್ತೆ ಕವೆ ಬಡಿಯುತ್ತಾಳೆ, ಎರಡು ನಾದಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ದನಿ ಅಲೆಯಂತೆ ಏರಿಳಿದು ಅಲುಗಬೇಕು, ಸ್ಟಾಪ್‌ವಾಚಿನ ಮುಳ್ಳು ಹತ್ತು, ಹದಿನೈದು, ಇಪ್ಪತ್ತು, ಅಲುಗಲಿ ನೋಡೋಣ, ಅಲುಗುತ್ತಿಲ್ಲ, ಪೆನ್ನು ಸಹಿಯ ಜಾಗಕ್ಕೆ ಇಳಿಯುತ್ತದೆ, ಹೆಸರು ಬರೆಯುವುದಿಲ್ಲ, ಅಳತೆ ಬರೆಯುತ್ತದೆ, ಕಣ್ಣ ಮುಂದೆ ಆ ಕೈ, ಕಿವಿಯ ಮೇಲೆ, ಆ ಕೈ —

ಇಪ್ಪತ್ತು ಸೆಕೆಂಡಿನಲ್ಲಿ ಅಲುಗಾಟ: ಸೊನ್ನೆ.