ಎಡಗೈ ತೋರುಬೆರಳು

ಬಸ್ಸಿನಲ್ಲಿ ಎದುರಿಗೆ ಕಂಬಿ ಹಿಡಿದು ನಿಂತವನ ಮೊಣಕೈ ಒಳಗೆ ಎಂಥಾ ನರ, ಹಗ್ಗದ ಹಾಗೆ, ಕಣ್ಣು ಮುಚ್ಚಿಕೊಂಡು ಸೂಜಿ ಹಾಕಬಹುದು, ಇಂಥವರು ಬೆಳಿಗ್ಗೆ ಯಾಕೆ ಬರಲಿಲ್ಲ, ಬಂದದ್ದು ಟೀಚರ್, ರಿಟೈರಾಗಿ ಎಷ್ಟೋ ವರ್ಷವಾದರೂ ಇಡೀ ಆಸ್ಪತ್ರೆಗೆ ಟೀಚರ್, ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಲು ಬಂದು ಬೇರೆ ಯಾರ ಕುರ್ಚಿಯಲ್ಲೂ ಕೂರದೆ ನಮ್ಮ ಇರುವೆ ಎಲ್ಲಿ ಎಂದು ಕೇಳುವವರು — ಇರುವೆ ಎಂದರೆ ಇವಳೇ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ಹತ್ತೊಂಬತ್ತು ವರ್ಷ ಸೂಜಿ ಹಿಡಿದು ಎಲ್ಲರಿಗೂ ಹೇಳಿ ಹೇಳಿ ಬಿದ್ದ ಹೆಸರು, ಹೇಳಿದ್ದು ಸುಳ್ಳೂ ಆಗಿರಲಿಲ್ಲ, ಇವತ್ತಿನ ತನಕ. ಮೂರು ಸಲ! ಎಡಗೈ ತೋರುಬೆರಳಿಟ್ಟು ಒತ್ತಿದಳು, ಚರ್ಮದಡಿ ಮೆತ್ತಗೆ ಪುಟಿಯಬೇಕಾದ ನರ ಪುಟಿಯಲಿಲ್ಲ, ಗ್ಲೌಸ್ ದಪ್ಪ ಇರಬೇಕೆಂದು ಬದಲಾಯಿಸಿದಳು, ಮತ್ತೂ ಇಲ್ಲ, ಅಂದಾಜಿನ ಮೇಲೆ ಚುಚ್ಚಿದಳು, ಅಂದಾಜಿನ ಮೇಲೆ, ಕಲಿಯಲು ಬಂದವರು ಹಾಗೆ ಮಾಡಿದರೆ ಅವರ ಗ್ರಹಚಾರ ಬಿಡಿಸುತ್ತಿದ್ದವಳು. ಮೊದಲೇ ರಕ್ತ ತೆಳುವಾಗುವ ಮಾತ್ರೆ ನುಂಗುವವರು, ನೋಡನೋಡುತ್ತ ತೋಳು ನೀಲಿಗಟ್ಟಿತು, ಇರ್ಲಿ ಬಿಡಮ್ಮ, ನಿಂಗೂ ವಯಸ್ಸಾಯ್ತಲ್ಲ ಅಂದರು ಟೀಚರ್, ನಗುತ್ತಲೇ ಅಂದರು, ಬೈದಿದ್ದರೆ ವಾಸಿಯಿತ್ತು. ಕೊನೆಗೆ ಪಕ್ಕದ ಕುರ್ಚಿಯವನು, ದಿನಕ್ಕೆರಡು ಸಲ ಅಕ್ಕ ಸ್ವಲ್ಪ ಬನ್ನಿ ಎಂದು ಇವಳ ಹತ್ತಿರವೇ ಗೋಗರೆಯುವವನು, ಒಂದೇ ಸಲಕ್ಕೆ ತೆಗೆದ.

ವಯಸ್ಸಲ್ಲ, ಗಿಟಾರು. ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಉಜ್ಜಿ ನೋಡುತ್ತಾಳೆ, ಒಣಗಿದ ಗೋಂದಿನ ಹಾಗೆ ಗಟ್ಟಿ, ಎರಡು ತಿಂಗಳು ತಂತಿ ಒತ್ತಿದ ಸಂಪಾದನೆ, ನೋವಾಗ್ಲಿ ಅಮ್ಮ, ಚರ್ಮ ದಪ್ಪ ಆದ್ಮೇಲೆ ಏನೂ ಗೊತ್ತಾಗಲ್ಲ ಅಂದಿದ್ದಳು ಮಗಳು, ಹೌದು ಮಾರಾಯ್ತಿ, ಏನೂ ಗೊತ್ತಾಗಲ್ಲ. ಮಧ್ಯಾಹ್ನ ಬಲಗೈ ಬೆರಳಿನಿಂದ ತನ್ನದೇ ತೋಳಲ್ಲಿ ಹುಡುಕಿ ನೋಡಿದಳು, ಅದಕ್ಕೆ ಸೂಜಿ ಹಿಡಿಯುವುದೊಂದು ಗೊತ್ತು, ನರದ ಮಾತು ತಿಳಿಯುವುದಿಲ್ಲ. ಮುಂದಿನ ತಿಂಗಳಿಂದ ಶಿಶುಗಳ ವಾರ್ಡು, ನೀವಿದ್ರೆ ನಂಗೆ ನೆಮ್ಮದಿ ಎಂದು ಮೇಲಿನವರು ತಾವೇ ಹೆಸರು ಬರೆದಿದ್ದಾರೆ, ಆ ಬೆರಳುದ್ದದ ತೋಳುಗಳು, ಅಲ್ಲಿ ನರ ಕಣ್ಣಿಗೆ ಸಿಕ್ಕುವುದಿಲ್ಲ, ಬೆರಳಿಗೇ ಸಿಗಬೇಕು — ಬಿಟ್ಟುಬಿಡು ಗಿಟಾರು, ಇವತ್ತಿಂದಲೇ ಪಾಠಕ್ಕೆ ರಜೆ ಹಾಕು, ಕೆಲವು ವಾರ ತಂತಿ ಮುಟ್ಟದಿದ್ದರೆ ಚರ್ಮ ಉದುರಿ ಮೊದಲಿನಂತಾಗುತ್ತದೆ, ಮಗಳಿಗೆ ಹೇಳಿದರಾಯಿತು. ಹೇಳಿದರಾಯಿತಂತೆ! ಊರವ್ರ ರಕ್ತ ಎಲ್ಲಾ ನೋಡ್ತೀಯ, ನನ್ ಮುಖ ನೋಡಿದೀಯಾ ಯಾವತ್ತಾದ್ರೂ ಎಂದು ಕೂಗಿ ಬಾಗಿಲು ಹಾಕಿಕೊಂಡವಳು, ಆಮೇಲೆ ಎಂಟು ತಿಂಗಳು ಹೂಂ, ಬೇಡ, ಗೊತ್ತು, ಈ ಮೂರರಲ್ಲೇ ಸಂಸಾರ ಸಾಗಿಸಿದವಳು, ಹೆಗಲು ಮುಟ್ಟಿದರೆ ಸರಿದುಹೋಗುವವಳು, ಒಂದು ಸಂಜೆ ಇವಳು ಹೊಸ್ತಿಲಲ್ಲಿ ನಿಂತು ನಿನ್ ಗಿಟಾರು ಹ್ಯಾಗೆ ಹಿಡಿಯೋದು ಅಂದಾಗ ಮಂಚದ ಮೇಲೆ ಒಂದು ಗೇಣು ಸರಿದು ಜಾಗ ಬಿಟ್ಟಳು. ಆ ಒಂದು ಗೇಣಿನಲ್ಲಿ ಕೂತು ಕಲಿತದ್ದೆಲ್ಲ, ಹೊಸಬರಿಗೆ ಸುಲಭದ ಹತ್ತು ಹಾಡು ಎಂದು ಮಗಳೇ ಬರೆದು ಗೋಡೆಗಂಟಿಸಿದ ಪಟ್ಟಿ, ಮೊದಲನೆಯದಕ್ಕೆ ಎರಡೇ ಕಾರ್ಡು, ಬೆರಳುಗಳಿಂದ ತಂತಿ ಒತ್ತುವ ಎರಡೇ ಹಿಡಿತ, ನಾಲ್ಕನೆಯದಕ್ಕೆ ಮೂರು, ಸುಲಭವಂತೆ, ಯಾರಿಗೆ ಸುಲಭ, ಜಿ ಕಾರ್ಡು ಬಿಟ್ಟು ಸಿ ಕಾರ್ಡಿಗೆ ಬೆರಳು ತಲುಪುವಷ್ಟರಲ್ಲಿ ಹಾಡು ಮುಗಿದು ಮನೆ ಸೇರಿರುತ್ತದೆ, ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ನಗಲಿ, ಆ ನಗುವಿಗಾಗಿ ಎಷ್ಟೋ ಸಲ ಬೇಕೆಂದೇ ತಪ್ಪಿದ್ದಾಳೆ. ಈಗ ಬಿಟ್ಟರೆ ಮತ್ತೆ ಆ ಬಾಗಿಲು ಹಾಕಿಕೊಳ್ಳುತ್ತದೆ, ಬಿಡದಿದ್ದರೆ ಯಾರದೋ ಕೂಸು ಇವಳ ಕೈಯಲ್ಲಿ ಕಿರುಚುತ್ತದೆ, ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುತ್ತ ನಿಶ್ಚಯಿಸಿದಳು, ಹೇಳುವುದೇ, ಚಪ್ಪಲಿ ಬಿಟ್ಟ ತಕ್ಷಣ.

ಚಪ್ಪಲಿ ಬಿಡುವ ಮೊದಲೇ ಲೇಟು ಲೇಟು, ಬಾ ಬೇಗ ಎಂದು ಒಳಗಿಂದ ಮಗಳು, ಆಗಲೇ ಜಾಗ ಬಿಟ್ಟು ಕೂತಿದ್ದಾಳೆ, ಗಿಟಾರು ಇವಳ ತೊಡೆಯ ಮೇಲಿಟ್ಟೇ ಬಿಟ್ಟಳು, ನೋಡು ಪುಟ್ಟಿ ಒಂದು ಮಾತು ಎನ್ನಬೇಕು, ಬಾಯಿ ತೆರೆದೂ ಆಗಿದೆ, ಮೊದ್ಲು ಸಿ ಹಿಡಿ ಆಮೇಲೆ ಮಾತು ಎಂದಳು ಮಗಳು, ಸರಿ, ಇದೊಂದೇ ಸಲ, ಹಿಡಿದಳು, ತೋರುಬೆರಳಡಿಯ ತಂತಿ ಯಾವಾಗಲೂ ಥಪ್ ಎಂದು ಸಾಯುವುದು, ಇವತ್ತು ಸಾಯಲಿಲ್ಲ, ಆ ಕಾರ್ಡಿನ ಐದಕ್ಕೆ ಐದೂ ತಂತಿ ಒಟ್ಟಿಗೆ ನುಡಿದು ಕೋಣೆ ತುಂಬಿತು, ಅಮ್ಮಾ, ಅಮ್ಮಾ ನುಡೀತು ಕಣೇ ಎಂದು ಮಗಳು ಎದ್ದು ಕುಣಿದು, ನೋಡಿಲ್ಲಿ, ಮೈ ಜುಮ್ ಅಂತು, ಕೂದಲೆಲ್ಲಾ ನಿಂತಿದೆ, ಮುಟ್ಟಿ ನೋಡು ಎಂದು ತೋಳು ಚಾಚಿದಳು, ತಾನಾಗಿ ಚಾಚಿದಳು, ಎಂಟು ತಿಂಗಳು ಮತ್ತೆ ಎರಡು ಕಳೆದ ಮೇಲೆ, ಇವಳು ಹಿಡಿದುಕೊಂಡಳು, ಮಗಳು ಎಳೆದುಕೊಳ್ಳುತ್ತಿಲ್ಲ, ತೋಳು ತಿರುಗಿದಾಗ ಒಳಗೆ ಹಸಿರು ನರ, ಎಷ್ಟು ಚೆನ್ನಾದ ನರ, ಅದರ ಮೇಲೆ ಎಡಗೈ ತೋರುಬೆರಳು ಇಟ್ಟಳು, ಗೊತ್ತಾಯ್ತಾ ಅಮ್ಮ ಅನ್ನುತ್ತಿದ್ದಾಳೆ ಮಗಳು, ಇನ್ನಷ್ಟು ಒತ್ತಿದಳು, ಹಸಿರು ನರ, ಮೇಲೆ ತನ್ನ ಬೆರಳು, ಗೊತ್ತಾಯ್ತಾ, ಬೆರಳಿನಡಿ ಏನೂ ಇಲ್ಲ, ಹಸಿರು ನರ, ಬೆರಳು, ಏನೂ ಇಲ್ಲ —